ಬಸ್ ನಿಲ್ದಾಣದ ಕಡೆಯ ಕಿಟಕಿ

“ಈ ಬೆಂಚಿನ ಕಾಲು ಅಲ್ಲಾಡತ್ತೆ. ತುಂಟರನ್ನ ಇಲ್ಲಿ ಕೂರಿಸಬೇಡಿ,” ಎಂದಳು ಹಳೇ ಟೀಚರ್. ಹೊಸ ಟೀಚರ್ ತಲೆಯಾಡಿಸಿದಳು. ಒಂದೇ ಹುದ್ದೆಗಾಗಿ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿಳಿದ ಇಬ್ಬರೂ ಈಗ ಮೂರನೇ ತರಗತಿಯ ಕೋಣೆಯಲ್ಲಿ ಅಕ್ಕಪಕ್ಕ ನಿಂತಿದ್ದರು. ಚಾರ್ಜ್ ವಹಿಸಿಕೊಡಿ ಎಂದು ಹೇಳಿ ಹೆಡ್‌ಮಾಸ್ಟರು ಮೆಲ್ಲಗೆ ಜಾರಿಕೊಂಡಿದ್ದರು. ಅವರಿಗಾದರೂ ಯಾರ ಮುಖ ನೋಡುವುದು?

ಹಾಗೆ ನೋಡಿದರೆ ತಪ್ಪು ಇಬ್ಬರದೂ ಅಲ್ಲ. ನೇಮಕಾತಿ ಕಚೇರಿಯಲ್ಲಿ ಯಾರೋ ಮಹಾನುಭಾವ ಅಂಕ ಕೂಡುವಾಗ ಎಡವಿದ. ಹೆಚ್ಚು ಅಂಕದವಳು ಮನೆಯಲ್ಲಿ ಉಳಿದಳು, ಕಡಿಮೆ ಅಂಕದವಳು ಶಾಲೆಗೆ ಬಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ ಕತೆ. ಹೋದ ತಿಂಗಳು ತೀರ್ಪು ಬಂದು, ಮನೆಯಲ್ಲಿದ್ದವಳು ಹೊಸ ಟೀಚರ್ ಆದಳು. ತಪ್ಪು ಕೂಡಿದವನು ಅಷ್ಟರಲ್ಲಿ ಬಡ್ತಿಯನ್ನೂ ಪಡೆದು, ಹಾರ ಹಾಕಿಸಿಕೊಂಡು ನಿವೃತ್ತನಾಗಿದ್ದ.

“ಮುಂದೆ ಕೂತಿದಾಳಲ್ಲ, ನಮ್ಮ ಗುಬ್ಬಿ, ಅವಳಿಗೆ ಎಡಗಿವಿ ಕೇಳಲ್ಲ. ಆ ಮೂಲೇಲಿರೋ ಮಂತ್ರಿಗಳು ಬೈದರೆ ಮಾತ್ರ ಬರೀತಾರೆ.” ಮಂತ್ರಿಗಳು ಹಲ್ಲು ಕಿರಿದರು. ಆ ‘ನಮ್ಮ’ ಎಂಬ ಮಾತು ಹೊಸ ಟೀಚರ್ ಎದೆಗೆ ಚುಚ್ಚಿತು.

“ಮುಂದೆ ಏನ್ ಮಾಡ್ತೀರಿ?” ಕೇಳಬಾರದಿತ್ತು, ಕೇಳಿಬಿಟ್ಟಳು.

“ಏನ್ ಮಾಡೋದು ಮೇಡಂ. ವಯಸ್ಸು ಮೀರಿತು, ಇನ್ನು ಅರ್ಜಿ ಹಾಕೋ ಹಾಗಿಲ್ಲ. ಮನೇಲೇ ನಾಲ್ಕು ಮಕ್ಕಳಿಗೆ ಹೇಳ್ಕೊಡಬೇಕು.” ಹಳೇ ಟೀಚರ್ ಕೈಗೆ ಅಂಟಿದ ಸೀಮೆಸುಣ್ಣ ಕೊಡವಿಕೊಂಡಳು. “ಅವತ್ತು ನಿಮ್ಮನೆಗೆ ಬಂದಿದ್ದೆ. ನೆನಪಿದೆಯಾ?”

ನೆನಪಿಲ್ಲದೆ ಏನು. ಕೇಸು ಹಾಕಿದ ಮರುವರ್ಷ, ಒಂದು ಭಾನುವಾರ ಬಂದು ಬಾಗಿಲು ತಟ್ಟಿದ್ದಳು. ಪಕ್ಕದ ಶಾಲೆಯಲ್ಲಿ ಒಂದು ಹುದ್ದೆ ಖಾಲಿ ಇದೆ, ಇಬ್ಬರೂ ಸೇರಿ ಕೋರ್ಟನ್ನು ಕೇಳಿಕೊಂಡರೆ ಇಬ್ಬರಿಗೂ ಕೆಲಸ ಸಿಗಬಹುದು ಅಂತ ವಕೀಲರು ಹೇಳಿದ್ದಾರೆ ಎಂದು ಹೊಸ್ತಿಲಾಚೆ ನಿಂತೇ ಹೇಳಿದ್ದಳು. “ಸೋಲೋ ಹೊತ್ತಿಗೆ ಎಲ್ಲರಿಗೂ ಬುದ್ಧಿ ಬರತ್ತೆ, ಬಾಗಿಲು ಹಾಕು,” ಎಂದು ಅಣ್ಣ ಒಳಗಿನಿಂದ ಗದರಿದ್ದ. ಅಣ್ಣನ ಮಾತು ಬರೀ ನೆಪ. ಬಾಗಿಲು ಹಾಕಿದ ಕೈ ತನ್ನದೇ. ತಾನು ಕೂತ ಹಾಗೆ ಅವಳೂ ಮನೆಯಲ್ಲಿ ಕೂರಲಿ ಎಂಬ ಹಟ ಆಗ ಕೆಲಸಕ್ಕಿಂತ ದೊಡ್ಡದಾಗಿತ್ತು.

“ಆ ಹುದ್ದೆ ಏನಾಯ್ತು?”

“ಆ ಶಾಲೇನೇ ಮುಚ್ಚಿದ್ರಲ್ಲ.”

“ಅವತ್ತು ನಾನು ನಿಮ್ಮನ್ನ ಒಳಗೆ ಕರೀಬೇಕಿತ್ತು.”

“ಹೋಗ್ಲಿ ಬಿಡಿ,” ಎಂದಳು ಹಳೇ ಟೀಚರ್. “ನಿಮ್ಮ ಜಾಗದಲ್ಲಿದ್ದಿದ್ರೆ ನಾನೂ ಕರೀತಿರಲಿಲ್ಲವೇನೋ.”

ಆಮೇಲೆ ನೀರಿನ ಬಾಟ್ಲಿ ಚೀಲಕ್ಕೆ ಹಾಕಿಕೊಂಡಳು. “ನಾಳೆ ಬರ್ತೀರಲ್ಲ ಟೀಚರ್?” ಎಂದು ಯಾರೋ ಕೇಳಿದರು. “ಹೊಸ ಟೀಚರ್ ಬಂದಿದಾರಲ್ಲ, ಜಾಣರ ಹಾಗಿರಿ,” ಎಂದು ಹೇಳಿ ತಿರುಗಿ ನೋಡದೆ ಹೊರಟುಬಿಟ್ಟಳು.

ಹೊಸ ಟೀಚರ್ ಪುಸ್ತಕ ತೆರೆದು ಪಾಠ ಶುರು ಮಾಡಿದಳು. ಈ ಗಳಿಗೆಗಾಗಿ ಎಷ್ಟು ಹಂಬಲಿಸಿದ್ದಳು! ಒಂದು ಮಗುವೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎಲ್ಲರ ಕತ್ತೂ ಕಿಟಕಿಯ ಕಡೆಗೆ. ರಸ್ತೆಯಾಚೆ ಬಸ್ ನಿಲ್ದಾಣದಲ್ಲಿ ಹಳೇ ಟೀಚರ್ ಚೀಲ ಅವಚಿಕೊಂಡು ಶಾಲೆಗೆ ಬೆನ್ನು ಮಾಡಿ ನಿಂತಿದ್ದಳು.

ಹೀಗಾದರೆ ಪಾಠ ಆದ ಹಾಗೇ ಎಂದುಕೊಂಡು ಹೊಸ ಟೀಚರ್ ಕಿಟಕಿ ಮುಚ್ಚಲು ಹೋದಳು. ಕದಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ಆಮೇಲೆ ಅದನ್ನು ಪೂರ್ತಿ ತೆರೆದು, ಮಕ್ಕಳಿಗೆ ಅಡ್ಡವಾಗದಂತೆ ಗೋಡೆಗೆ ಸರಿದಳು.

“ಬಸ್ ಬರೋ ತನಕ ನೋಡಿ,” ಎಂದಳು.

ಗುಬ್ಬಿಗೆ ಕೇಳಿಸಲಿಲ್ಲ. ಬಗ್ಗಿ, ಅವಳ ಬಲಗಿವಿಯಲ್ಲಿ ಇನ್ನೊಮ್ಮೆ ಹೇಳಿದಳು.

ಬಸ್ಸು ಬೇಗ ಬರಲಿಲ್ಲ.