ಬರೆ ಎಳೆಯುವ ಮುಂಚೆ ಕುರಿಯ ಬಾಯಿ ನೋಡಿ

ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ಸಂತೆಯಲ್ಲಿ ಕುರಿ ಕೊಳ್ಳುವಾಗ ತುಟಿ ಎತ್ತಿ, ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ವಯಸ್ಸು ನೋಡುತ್ತೀರಿ. ಮನೆಗೆ ತಂದ ಮೇಲೆ ಒಮ್ಮೆಯಾದರೂ ಅದರ ಬಾಯಿ ನೋಡಿದ್ದೀರಾ? ನಾನು ದುರ್ಗಾಂಬಿಕಾ, ಜಗಳೂರು ಕಡೆ ಮನೆಮನೆಗೆ ಹೋಗಿ ದನ-ಕುರಿಗಳ ಆರೋಗ್ಯ ನೋಡುವ ಪಶುಸಖಿ. ಚಿತ್ತಪ್ಪಣ್ಣನ ಕುರಿ ರೊಪ್ಪದಲ್ಲಿ ಕಂಡದ್ದನ್ನು ಹೇಳುತ್ತೇನೆ, ಕೇಳಿ.

ಅವರ ಕೆಂಪು ಕುರಿ ಅವಳಿ ಮರಿ ಹಾಕಿತ್ತು. ಮರಿಗಳು ಕೆಚ್ಚಲಿಗೆ ಗುದ್ದಿ ಗುದ್ದಿ ಅರಚುತ್ತಿದ್ದವು. ಹಾಲೇ ಇರಲಿಲ್ಲ. ತಾಯಿ ಮೂಳೆ ಚಕ್ಕಳವಾಗಿ, ಒಂದು ಕಡೆ ಕೆನ್ನೆ ಬಾತುಕೊಂಡಿತ್ತು. ಅದರ ಕಾಲು ಹಿಡಿದು ಕೂತವಳು ಲಕ್ಷ್ಮಕ್ಕ. ಅವಳ ಗಂಡ ಚಿತ್ತಪ್ಪಣ್ಣ ಕುಡುಗೋಲನ್ನು ಕೆಂಪಗೆ ಕಾಯಿಸುತ್ತಿದ್ದ.

"ಏನ್ ಮಾಡಾಕೆ ಹೊಂಟೀರಿ ಅಣ್ಣಾ?"

"ಕೆನ್ನೆ ಬಾತೈತಲ್ಲವ್ವಾ. ಬರೆ ಎಳೆದ್ರೆ ಇಳೀತೈತೆ. ನಮ್ಮಪ್ಪನೂ ಹಿಂಗೇ ಮಾಡ್ತಿದ್ದ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗೆ ಹಲ್ಲು ನೋವು ಬಂದ್ರೆ ಕೆನ್ನೆಗೆ ಕಾದ ಕುಡುಗೋಲು ಇಡ್ತಾರೇನ್ರೀ? ಮೊದ್ಲು ಅದನ್ನ ಆಚೆಗಿಡ್ರಿ!"

"ಕುರಿಗೆ ಎಂಥಾ ಹಲ್ಲು ನೋವು? ಯಾರ್ದೋ ಕಣ್ಣು ಬಿದ್ದೈತೆ."

ಲಕ್ಷ್ಮಕ್ಕ ಸುಮ್ಮನಿರಲಿಲ್ಲ. "ಮೇಯಾಕೇನೋ ಹೋಗ್ತೈತೆ ಕಣವ್ವಾ. ಅಗಿದದ್ದನ್ನ ಉಂಡೆ ಉಂಡೆ ಉಗುಳ್ತೈತೆ. ಹಸಿರು ಜೊಲ್ಲು ಸುರೀತೈತೆ. ನಾನು ಹೇಳ್ದೆ, ಇವ್ರು ಕೇಳಬೇಕಲ್ಲ!"

ಹೊರಗಿನಿಂದಲೇ ದವಡೆಯುದ್ದಕ್ಕೂ ಬೆರಳಾಡಿಸಿದೆ. ಕೈಗೆ ಗಟ್ಟಿ ಗಂಟು ಸಿಕ್ಕಿತು. ಕುರಿ ನೋವಿಗೆ ತಲೆ ಒದರಿತು. ಬಾಯಿಂದ ಕೊಳೆತ ವಾಸನೆ. ಒಳಗೆ ಕೈ ಹಾಕಲಿಲ್ಲ, ನೀವೂ ಹಾಕಬೇಡಿ. ದವಡೆ ಹಲ್ಲು ಬೆರಳನ್ನೇ ಕತ್ತರಿಸುತ್ತದೆ. ಪಶು ಡಾಕ್ಟರಿಗೆ ಫೋನ್ ಮಾಡಿದೆ.

ಡಾಕ್ಟರು ಬಂದು ಬಾಯಿ ಅಗಲಿಸಿ ಟಾರ್ಚ್ ಹಾಕಿದರು. ಒಂದು ದವಡೆ ಹಲ್ಲು ಸಡಿಲವಾಗಿತ್ತು. ಪಕ್ಕದ್ದು ಚೂಪಾಗಿ ಬೆಳೆದು ಕೆನ್ನೆಯ ಒಳಗೆ ಹುಣ್ಣು ಮಾಡಿತ್ತು. ಸಂದಿಯಲ್ಲಿ ಮೇವು ಸಿಕ್ಕಿ ಕೊಳೆತಿತ್ತು. ಚಿತ್ತಪ್ಪಣ್ಣ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ.

"ಅಯ್ಯೋ ಶಿವನೇ! ಬಾಯಾಗೆ ಇಷ್ಟು ನೋವಿಟ್ಕಂಡು ಉಪವಾಸ ಬಿದ್ದೈತೆ. ಅದ್ರ ಮ್ಯಾಲೆ ನಾನು ಸುಡಾಕೆ ಹೋಗಿದ್ನಲ್ಲಾ!"

ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸಡಿಲ ಹಲ್ಲು ಕಿತ್ತರು, ಪಕ್ಕದ ಹಲ್ಲಿನ ಚೂಪನ್ನು ಉಜ್ಜಿ ಸಮ ಮಾಡಿದರು, ಔಷಧಿ ಕೊಟ್ಟರು. ಚೂಪು ಹಲ್ಲನ್ನು ನೀವೇ ಮನೆಯಲ್ಲಿ ಅರ ಹಿಡಿದು ಉಜ್ಜಬೇಡಿ ಎಂದು ಗದರಿಯೇ ಹೇಳಿದರು. ಲಕ್ಷ್ಮಕ್ಕ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿದಳು, ತಾಯಿಗೆ ನೆನೆಸಿದ ಬೂಸಾ ಇಟ್ಟಳು. ಹುಣ್ಣು ಮಾಯುತ್ತಾ ಬಂತು, ಕುರಿ ಮೆಲುಕು ಹಾಕತೊಡಗಿತು. ಕೆಚ್ಚಲಲ್ಲಿ ಹಾಲು ತುಂಬಿತು. ನಾನು ಮತ್ತೆ ಹೋದಾಗ ಎರಡೂ ಮರಿ ಬಾಲ ಆಡಿಸುತ್ತಾ ಮೊಲೆ ಕುಡಿಯುತ್ತಿದ್ದವು. ಚಿತ್ತಪ್ಪಣ್ಣ ಅದೇ ಕುಡುಗೋಲಿನಲ್ಲಿ ಆ ತಾಯಿಗೆಂದು ಹಸಿರು ಮೇವನ್ನು ಸಣ್ಣಗೆ ಕತ್ತರಿಸುತ್ತಿದ್ದ.

ಈಗ ನಿಮ್ಮ ಸರದಿ. ಕುರಿ ಬಡವಾಗಿದೆಯೇ? ಮೇವು ಉಗುಳುತ್ತದೆಯೇ? ಜೊಲ್ಲು, ನಾತ, ಕೆನ್ನೆ ಬಾವು ಇದೆಯೇ? ತುಟಿ ಎತ್ತಿ ಮುಂದಿನ ಹಲ್ಲು ನೋಡಿ, ಹೊರಗಿನಿಂದ ದವಡೆ ಮುಟ್ಟಿ ನೋಡಿ, ಪಶು ಆಸ್ಪತ್ರೆಗೆ ಹೇಳಿ. ಹಲ್ಲು ಉದುರಿದ ಹಳೇ ಕುರಿಯನ್ನು ಮತ್ತೆ ಗಬ್ಬ ಮಾಡಿಸಬೇಡಿ; ಅದಕ್ಕೆ ಸರಿಯಾಗಿ ಮೇಯಲಾಗದು, ಮರಿಗೆ ಹಾಲೂ ಸಾಲದು. ಕುರಿಗೆ ನೋವು ಹೇಳಿಕೊಳ್ಳಲು ಬರುವುದಿಲ್ಲ ಕಣ್ರೀ. ನೋಡಲು ನಿಮಗೆ ಕಣ್ಣಿದೆಯಲ್ಲ!