ಸುಣ್ಣ ಬಿದ್ದ ಕಣ್ಣಿಗೆ ಮೊದಲು ನೀರು

ನಾನು ಕಣ್ಣಿನ ವೈದ್ಯರ ತ್ರೈಮಾಸಿಕ ಪತ್ರಿಕೆಯ ಒಂದು ಸಂಚಿಕೆ. ಹುಬ್ಬಳ್ಳಿಯ ಮುದ್ರಣಾಲಯವೊಂದರಲ್ಲಿ ಹುಟ್ಟಿದೆ. ಹೊಳೆಯುವ ಕಾಗದ, ಮುಖಪುಟದ ಮೇಲೆ ಬಣ್ಣದ ಕಣ್ಣು, ಮೈತುಂಬ ಇಂಗ್ಲಿಷ್. ನೋಡಿದವರೆಲ್ಲ ಚೆಂದ ಅಂದರು. ಚೆಂದ ತೆಗೆದುಕೊಂಡು ಏನು ಮಾಡಲಿ?

ನಮ್ಮ ಮನೆತನದ ಕಥೆ ನೆನೆದರೆ ಹೊಟ್ಟೆ ಉರಿಯುತ್ತದೆ. ಹಳೆಯ ವೈದ್ಯರು ಕೆಲವರು ಸೇರಿ ಪತ್ರಿಕೆ ಆರಂಭಿಸಿದಾಗ ಕೊನೆಯ ಪುಟಗಳು ಕನ್ನಡದಲ್ಲಿರುತ್ತಿದ್ದವು. ಹಳ್ಳಿಯ ನರ್ಸಮ್ಮಂದಿರು, ಮಾಸ್ತರರು ಅವನ್ನು ಜನರಿಗೆ ಓದಿ ಹೇಳುತ್ತಿದ್ದರಂತೆ. ಆಮೇಲೆ ಬಂದ ಸಂಪಾದಕರಿಗೆ ದೊಡ್ಡ ಪತ್ರಿಕೆಗಳ ಪಂಕ್ತಿಯಲ್ಲಿ ಕೂರುವ ಆಸೆ. ಕನ್ನಡ ಪುಟಗಳಿಗೆ ಕತ್ತರಿ ಬಿತ್ತು. ಈಗ ವೈದ್ಯರು ಬಡ್ತಿಗಾಗಿ ಬರೆಯುತ್ತಾರೆ, ತಮ್ಮ ಹೆಸರು ಅಚ್ಚಾದ ಪುಟ ನೋಡಿ ಮುಚ್ಚಿಡುತ್ತಾರೆ.

ಆದರೂ ನನ್ನೊಳಗೊಂದು ಒಳ್ಳೆಯ ಲೇಖನವಿತ್ತು. ಕಣ್ಣಿಗೆ ಸುಣ್ಣ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲೇ, ಬಿದ್ದ ಜಾಗದಲ್ಲೇ, ಬಹಳ ಹೊತ್ತು ನೀರು ಸುರಿದು ತೊಳೆಯಬೇಕು, ಎಣ್ಣೆ ಹಾಕಬಾರದು ಎಂದು ಅದರಲ್ಲಿತ್ತು. ಅದನ್ನು ಹೊತ್ತು ನಾನು ಗದಗ ಸೀಮೆಯ ಡಾಕ್ಟರ್ ಮಹಾಂತೇಶ ಕಮತಗಿಯವರ ಮೇಜು ಸೇರಿದೆ. ಪುಣ್ಯಾತ್ಮರು ನನ್ನ ಪ್ಲಾಸ್ಟಿಕ್ ಕವರನ್ನೂ ಹರಿಯಲಿಲ್ಲ. ಮೇಲೆ ಚಹಾದ ಲೋಟ ಇಡುತ್ತಿದ್ದರು.

ದೀಪಾವಳಿಗೆ ಮುಂಚೆ ಫಕೀರಪ್ಪ ಸುಣಗಾರ ಬಂದ. ತಲೆಮಾರುಗಳಿಂದ ಸುಣ್ಣ ಸುಟ್ಟು ಮಾರುವ ಮನೆತನದವನು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿ ಅರಳಿಸುವಾಗ ಬಲಗಣ್ಣಿಗೆ ಸಿಡಿದಿತ್ತು. ಹೆಂಡತಿ ನೀಲವ್ವ ಹರಳೆಣ್ಣೆ ಹಾಕಿ, ಬಟ್ಟೆ ಕಟ್ಟಿ, ಬಸ್ಸಿನಲ್ಲಿ ಕರೆತಂದಿದ್ದಳು. ಡಾಕ್ಟರು ಲಗುಬಗೆಯಿಂದ ತೊಳೆದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಆ ಕಣ್ಣು ಹೋಗಿತ್ತು.

"ಅಲ್ಲೇ ನೀರ ಹಾಕಿ ತೊಳಕೊಳ್ಳಾಕ ಏನಾಗಿತ್ತಪಾ?" ಎಂದರು ಡಾಕ್ಟರು.

"ಸುಣ್ಣಕ್ಕ ನೀರ ಬಿದ್ರ ಕುದೀತೈತ್ರಿ. ದಿನಾ ನೋಡತೀನಿ. ಕಣ್ಣಾಗ ಹ್ಯಾಂಗ ಕುದಸ್ಲಿರಿ ಸಾಹೇಬ್ರ?" ಎಂದ ಫಕೀರಪ್ಪ.

ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಅವನ ಮೇಲಲ್ಲ. ಅವನು ದಿನವೂ ಕಂಡದ್ದನ್ನು ನಂಬಿದ್ದ. ಅದೇ ಭಯದ ಬಗ್ಗೆ ನನ್ನೊಳಗೆ ಒಂದು ಪುಟವೇ ಇತ್ತು: ಧಾರೆಯಾಗಿ ಸುರಿದ ನೀರು ಸುಣ್ಣವನ್ನೂ ಅದರ ಬಿಸಿಯನ್ನೂ ಕೊಚ್ಚಿಕೊಂಡು ಹೋಗುತ್ತದೆ ಎಂದು. ಡಾಕ್ಟರಿಗೆ ಮೊದಲೇ ಗೊತ್ತಿದ್ದುದನ್ನು ಅದು ಡಾಕ್ಟರಿಗೇ ಹೇಳುತ್ತಾ ಕೂತಿತ್ತು.

"ಇವ್ರ ಮತ್ತ ಅದ ಕೆಲಸಕ್ಕ ಹೋಗವ್ರರಿ. ಉಳದ ಕಣ್ಣಿಗೆ ಬಿದ್ರ ಏನ ಮಾಡೂದ್ರಿ?" ಎಂದು ನೀಲವ್ವ ಕೇಳಿದಳು.

"ಮೊದಲ ನೀರ," ಎಂದರು ಡಾಕ್ಟರು. ಫಕೀರಪ್ಪ ಒಲ್ಲೆನೆಂಬಂತೆ ತಲೆ ಅಲ್ಲಾಡಿಸಿದ. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು. ಡಾಕ್ಟರು ನನ್ನ ಹಿಂಬದಿಯ ವಿಷಯಸೂಚಿ ನೋಡಿ, ಕವರು ಹರಿದು, ಆ ಪುಟ ತೆರೆದು ಅವನ ಕೈಗಿತ್ತರು. "ನಾ ಹೇಳಿದ್ರ ನಂಬೂದಿಲ್ಲ ನೀನು. ಅಚ್ಚಾಗೈತಿ ನೋಡು."

ಅವನು ಎಡಗಣ್ಣಿನಿಂದ ಇಂಗ್ಲಿಷ್ ಸಾಲುಗಳನ್ನು ನೋಡಿದ. ವಿದ್ಯೆಯೆಂದು ನನ್ನನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡ. ಮೆಲ್ಲಗೆ ಮೇಜಿನ ಮೇಲಿಟ್ಟ. ಬಾಗಿಲ ಹತ್ತಿರ ಹೋಗಿ ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು:

"ಇನ್ನಮ್ಯಾಲೆ ಎಣ್ಣಿ ಶೀಸೆ ಕೈಗೆ ಸಿಗೂವಂಗ ಇಡು. ಈ ಸಲ ಹುಡುಕೂದ್ರಾಗ ತಡಾ ಆತು."

ಈಗ ನಾನು ಆಸ್ಪತ್ರೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದೇನೆ. ಆ ಎಡಗಣ್ಣು ಉಳಿದಿದೆಯೋ ಇಲ್ಲವೋ, ಇಲ್ಲಿಗೆ ಬಂದು ಹೇಳುವವರಿಲ್ಲ.