ಬಾಬಾಸಾಹೇಬ ಎಂಬ ಡಬ್ಬಿ

ಜುಗೂಳದ ಬಾಬಾಸಾಹೇಬರು ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕಿಂತ ಮೊದಲು ಮಗನನ್ನು ಕೇಳುತ್ತಿದ್ದ ಮಾತು ಒಂದೇ.

"ಶಿವರಾಜಾ, ಬಂತೇನೋ ಅಪ್‌ಡೇಟ್?"

"ಇನ್ನಾ ಇಲ್ಲಪ್ಪಾ. ಈ ವಾರ ಬರತೈತಿ ಅಂತ ಹಾಕ್ಯಾರ."

ಆ ವಾರ ಎರಡು ತಿಂಗಳಾದರೂ ಬಂದಿರಲಿಲ್ಲ. ದೀಪಾವಳಿಗೆ ತಂದ ಟಿವಿ ಡಬ್ಬಿ, ಅದರ ಜೊತೆಗೆ ಬಂದ ಮಾತಾಡುವ ಸ್ಪೀಕರ್, ಎರಡೂ ಪಡಸಾಲೆಯಲ್ಲಿ ದೇವರ ಫೋಟೋದ ಕೆಳಗೆ ಕೂತಿದ್ದವು. ಬಾಯಲ್ಲಿ ಹೇಳಿದರೆ ಸಾಕು, ಸುದ್ದಿ ಹಚ್ಚುತ್ತಿತ್ತು, ಭಜನೆ ಹಾಡುತ್ತಿತ್ತು. ಆದರೆ ಅದಕ್ಕೆ ಕನ್ನಡ ಬಾರದು. ಅದನ್ನು ಕರೆಯಬೇಕಾದರೆ ಯಾವುದೋ ಪರದೇಶದ ಹೆಸರು ಹೇಳಬೇಕು, ಅದು ಬಾಬಾಸಾಹೇಬರ ನಾಲಿಗೆಗೆ ಹೊರಳುತ್ತಿರಲಿಲ್ಲ. ಹೊಸ ಅಪ್‌ಡೇಟ್ ಬಂದರೆ ಡಬ್ಬಿ ಕನ್ನಡ ಮಾತಾಡುತ್ತದೆ, ನಮಗೆ ಬೇಕಾದ ಹೆಸರನ್ನೂ ಇಡಬಹುದು ಎಂದು ಶಿವರಾಜ ಓದಿ ಹೇಳಿದ ದಿನದಿಂದ ಮನೆ ಕಾಯುತ್ತಿತ್ತು. ನಡುವೆ ರಿಮೋಟಿನ ಬಟನ್ ಕೆಟ್ಟಿತು. ಹೊಸದು ತಾ ಎಂದು ತಾಯಿ ರುಕ್ಮವ್ವ ಹೇಳಿದರೆ, "ಅಪ್‌ಡೇಟ್ ಬರಲಿ ಬೇ ಅವ್ವಾ, ಆಮ್ಯಾಲ ರಿಮೋಟಿನ ಕೆಲಸಾನ ಇಲ್ಲ" ಎಂದು ಅವನು ಅದನ್ನು ಕಸದ ಬುಟ್ಟಿಗೆ ಎಸೆದ.

ಕಡೆಗೂ ಕಬ್ಬಿನ ಹಂಗಾಮು ಜೋರಾಗಿದ್ದ ಒಂದು ಬೆಳಿಗ್ಗೆ ಅಪ್‌ಡೇಟ್ ಬಂತು. ಡಬ್ಬಿ ಅಚ್ಚ ಪುಸ್ತಕದ ಕನ್ನಡದಲ್ಲಿ, "ನಮಸ್ಕಾರ. ನನ್ನನ್ನು ಯಾವ ಹೆಸರಿನಿಂದ ಕರೆಯುತ್ತೀರಿ?" ಎಂದಿತು.

"ಇದರಾಗ ಕೇಳೂದೇನೈತಿ?" ಎಂದರು ಬಾಬಾಸಾಹೇಬರು. "ಬಾಬಾಸಾಹೇಬ ಅಂತ ಇಡು."

ಅವರಿಗೆ ತಮ್ಮ ಹೆಸರಿನ ಮೇಲೆ ಪ್ರೀತಿ ಹೆಚ್ಚು. ಗೇಟಿನ ಮೇಲೆ ಅದೇ ಹೆಸರು, ಟ್ರ್ಯಾಕ್ಟರಿನ ಮುಂದೆ ಅದೇ ಹೆಸರು, ಹೊಳೆದಂಡೆಯ ಪಂಪಿನ ಕೋಣೆಯ ಗೋಡೆಗೂ ಕೆಂಪು ಬಣ್ಣದಲ್ಲಿ ಅದೇ ಹೆಸರು. ದುಡಿದು ಗಳಿಸಿದ ಮನುಷ್ಯ, ಬರೆಸಿಕೊಳ್ಳಲಿ ಬಿಡಿ. ಆದರೆ ಗೇಟನ್ನು ತೆರೆಯಲು ಯಾರೂ ಅದರ ಹೆಸರು ಕೂಗಬೇಕಿಲ್ಲ, ಡಬ್ಬಿಯನ್ನು ಕೂಗಬೇಕು ಎಂಬುದು ಅಪ್ಪನಿಗೂ ಹೊಳೆಯಲಿಲ್ಲ, ಮಗನಿಗೂ ಹೊಳೆಯಲಿಲ್ಲ.

ಡಬ್ಬಿ ಮನೆಯವರ ಧ್ವನಿಯ ಗುರುತನ್ನೂ ಕೇಳಿತು. ಗುರುತಿದ್ದವರ ಮಾತನ್ನು ಮಾತ್ರ ಅದು ಕೇಳುವುದಂತೆ. ನಾಲ್ವರೂ ಸರದಿಯ ಮೇಲೆ ನಾಲ್ಕು ನಾಲ್ಕು ವಾಕ್ಯ ಹೇಳಿದರು. ಓದಲು ಬಾರದ ರುಕ್ಮವ್ವ, ಸೊಸೆ ಕೋಮಲ ಹೇಳಿಕೊಟ್ಟಂತೆ "ಇಂದು ಆಕಾಶ ತಿಳಿಯಾಗಿದೆ" ಎಂದು ನಾಚುತ್ತ ಹೇಳಿದಳು.

ಅಂದೇ ಅಡುಗೆಮನೆಯಲ್ಲಿ ಕೋಮಲ ಗಂಡನನ್ನು ತಡೆದು ನಿಲ್ಲಿಸಿದಳು. "ಅಲ್ರೀ, ಅತ್ತಿ ಗಂಡನ ಹೆಸರ ಹೇಳಂಗಿಲ್ಲ. ನಾ ಮಾವನ ಹೆಸರ ಹೇಳಂಗಿಲ್ಲ. ಇನ್ನ ಮನ್ಯಾಗಿನ ಹೆಣ್ಮಕ್ಕಳು ಅದನ್ನ ಕರಿಯೂದ ಹೆಂಗ?"

ಶಿವರಾಜ ತಲೆ ಕೆರೆದುಕೊಂಡ. "ಮುಂದಿನ ಅಪ್‌ಡೇಟ್‌ನ್ಯಾಗ ಎರಡ ಹೆಸರ ಇಡಾಕ ಬರತೈತಂತ. ಅಲ್ಲೀತನಾ ನಮಗ ಹೇಳ್ರಿ, ನಾವ ಹಚ್ಚಿ ಕೊಡ್ತೀವಿ."

ಹಾಗೆಯೇ ನಡೆಯಿತು. "ಏನ್ರೀ, ಸ್ವಲ್ಪ ಟಿವಿ ಹಚ್ರಿ" ಎಂದು ರುಕ್ಮವ್ವ ಬೇಡುವುದು, ಬಾಬಾಸಾಹೇಬರು ಮೀಸೆ ಸವರಿಕೊಂಡು ತಮ್ಮನ್ನು ತಾವೇ ಕೂಗುವುದು. ಅಪ್ಪ-ಮಗ ಹೊಲಕ್ಕೆ ಹೋದರೆ ಟಿವಿ ಬಂದ್. ಅದು ಕಷ್ಟವೆಂದು ಗಂಡಸರಿಗೆ ಅನಿಸಲಿಲ್ಲ. ರುಕ್ಮವ್ವ ಕೂಡ ಗೊಣಗಲಿಲ್ಲ, ಏಕೆಂದರೆ ಆ ಹೆಸರಿನ ವಿಷಯದಲ್ಲಿ ಅವಳ ಎದೆಯಲ್ಲಿ ಹಳೆಯ ಭಯವೊಂದು ಕೂತಿತ್ತು.

ಮದುವೆಯಾದ ಹೊಸತರಲ್ಲಿ ಜನಗಣತಿಗೆ ಬಂದ ಮಾಸ್ತರರು ಗಂಡನ ಹೆಸರು ಕೇಳಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹದಿನೆಂಟರ ಹುಡುಗಿ ಹೆದರಿ ಹೇಳಿಬಿಟ್ಟಳು. ಅದೇ ವಾರ ಗಾಡಿ ಉರುಳಿ ಗಂಡನ ಕಾಲು ಮುರಿಯಿತು. "ಹೆಸರ ಹೇಳಿ ನನ್ನ ಮಗನ ಆಯುಷ್ಯ ಕಡಿಮಿ ಮಾಡಿದಿ" ಎಂದು ಅತ್ತೆ ಊರಿಗೆಲ್ಲ ಕೇಳುವಂತೆ ಬೈದಳು. ಅಂದಿನಿಂದ ನಲವತ್ತನಾಲ್ಕು ವರ್ಷ ರುಕ್ಮವ್ವ ಆ ಹೆಸರನ್ನು ಬಾಯಿಗೆ ತಂದಿಲ್ಲ. ಮದುವೆಮನೆಯಲ್ಲಿ ಹೆಂಗಸರು ಒಡಪು ಕಟ್ಟಿ ಗಂಡಂದಿರ ಹೆಸರು ಹೇಳುವಾಗ ಅವಳು ಎದ್ದು ಅಡುಗೆಯವರ ಹತ್ತಿರ ಹೋಗಿ ಕೂರುತ್ತಿದ್ದಳು. ಹೋದ ವರ್ಷ ಗಂಡನ ಎದೆಗೆ ಸ್ಟೆಂಟ್ ಹಾಕಿಸಿದ ಮೇಲಂತೂ ಆ ಭಯ ಇನ್ನಷ್ಟು ಗಟ್ಟಿಯಾಯಿತು.

ಇದರ ನಡುವೆ ಮನೆಗೆ ದೊಡ್ಡ ಸುದ್ದಿ ಬಂತು. ಧಾರವಾಡದಲ್ಲಿ ರೈತ ಮಹಿಳೆಯರ ಸಮಾವೇಶ, ಅದರಲ್ಲಿ ಕೋಮಲ ವೇದಿಕೆಯ ಮೇಲೆ ಮಾತಾಡಬೇಕು. ಹೊಳೆದಂಡೆಯ ಎರಡು ಎಕರೆ ಹೊಲ ನೀರು ಉಂಡು ಉಂಡು ಸವಳಾಗಿ, ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಎಲ್ಲರೂ ಕೈಬಿಟ್ಟ ಆ ನೆಲದ ಒಡಲಲ್ಲಿ ತೂತಿನ ಪೈಪು ಹೂಳಿಸಿ, ಉಪ್ಪುನೀರು ಬಸಿದು ಹೋಗುವಂತೆ ಮಾಡಿದವಳು ಕೋಮಲ. ಮೂರು ವರ್ಷ ಊರು ನಕ್ಕಿತು. ನಾಲ್ಕನೇ ವರ್ಷ ಕಬ್ಬು ಆಳೆತ್ತರ ನಿಂತಿತು. ಈಗ ಬಾಬಾಸಾಹೇಬರು ಚಹಾದಂಗಡಿಯಲ್ಲಿ ಕೂತು, "ನಮ್ಮ ಸೊಸಿ ಧಾರವಾಡದಾಗ ಭಾಷಣ ಮಾಡ್ತಾಳ, ನೇರ ಟಿವ್ಯಾಗ ಬರತೈತಿ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಆ ದಿನ ಗಂಡ-ಹೆಂಡತಿ ನಸುಕಿನಲ್ಲೇ ಧಾರವಾಡಕ್ಕೆ ಹೊರಟರು. ಕೋಮಲ ಅತ್ತೆಯ ಕಾಲು ಮುಟ್ಟಿ, "ಅತ್ತೀ, ಹನ್ನೊಂದಕ್ಕ ನನ್ನ ಪಾಳಿ. 'ಸಮಾವೇಶ ಹಚ್ಚು' ಅಂದ್ರ ಸಾಕು, ಎಲ್ಲಾ ಜೋಡಿಸಿಟ್ಟೀನಿ. ನೀವು ನೋಡಾಕತ್ತೀರಿ ಅಂತ ತಿಳಕೊಂಡ ನಾ ಮಾತಾಡ್ತೀನಿ" ಎಂದಳು.

ಹಚ್ಚಿ ಕೊಡಬೇಕಾದವರು ಬಾಬಾಸಾಹೇಬರು. ಆದರೆ ಟ್ರ್ಯಾಕ್ಟರ್ ಡ್ರೈವರ್ ಬರಲಿಲ್ಲ, ಕಡಿದ ಕಬ್ಬು ಒಣಗುತ್ತಿತ್ತು. "ಹತ್ತಕ್ಕ ಬರ್ತೀನಿ" ಎಂದು ತಾವೇ ಕಾರ್ಖಾನೆಗೆ ಹೊಡೆದುಕೊಂಡು ಹೋದರು. ಹತ್ತೂವರೆಯಾದರೂ ಅವರ ಸುಳಿವಿಲ್ಲ. ಪಡಸಾಲೆಯ ತುಂಬ ಓಣಿಯ ಹೆಂಗಸರು ಕೂತಿದ್ದರು. ರುಕ್ಮವ್ವ ತನ್ನ ಬಟನ್ ಫೋನಿನಿಂದ ಗಂಡನಿಗೆ ಹಚ್ಚಿದಳು.

"ಕಬ್ಬ ತೂಗೂ ಕಾಟಾದ ಮುಂದ ಸಾಲು ನಿಂತೈತಿ. ನನ್ನ ಮುಂದ ಇಪ್ಪತ್ತ ಟ್ರ್ಯಾಕ್ಟರ್ ಅದಾವು. ಹಿಂದ ಸರಿಯಾಕೂ ಬರವಲ್ದು!" ಎಂದರು ಬಾಬಾಸಾಹೇಬರು ಆ ಕಡೆಯಿಂದ.

ಪಕ್ಕದ ಮನೆಯ ಸಾವಕ್ಕ ಎದ್ದಳು. "ನನ್ನ ಗಂಡನ ಹೆಸರ ಅಲ್ಲಲಾ, ನಾ ಕರೀತೀನಿ ತಗೋ. ಏ ಬಾಬಾಸಾಹೇಬ, ಸಮಾವೇಶ ಹಚ್ಚು!"

"ಕ್ಷಮಿಸಿ, ನಿಮ್ಮ ಧ್ವನಿ ನನಗೆ ಪರಿಚಯವಿಲ್ಲ" ಎಂದಿತು ಡಬ್ಬಿ.

"ಅಯ್ಯ ಇದರ! ಮೂವತ್ತ ವರ್ಷದಿಂದ ಮಗ್ಗಲ ಮನ್ಯಾಗ ಅದೀನಿ!" ಎಂದು ಸಾವಕ್ಕ ಸಿಟ್ಟಾದಳು. ಹೆಂಗಸರೆಲ್ಲ ನಕ್ಕರು, ರುಕ್ಮವ್ವನಿಗೆ ಮಾತ್ರ ನಗು ಬರಲಿಲ್ಲ. ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು.

ಒಡಪು ಹಾಕಿ ಹೇಳು, ಒಡಪಿನೊಳಗೆ ದೋಷವಿಲ್ಲ ಎಂದು ಸಾವಕ್ಕನೇ ಹುರಿದುಂಬಿಸಿದಳು. ರುಕ್ಮವ್ವ ಸೆರಗು ಸರಿಮಾಡಿಕೊಂಡು ಡಬ್ಬಿಯ ಮುಂದೆ ನಿಂತಳು. "ಹೊಳಿ ದಂಡ್ಯಾಗ ಕಬ್ಬಿನ ತ್ವಾಟ, ತ್ವಾಟದಾಗ ಮಾವಿನ ಮರ, ಮರದ ನೆರಳಾಗ ಕುಂತಾರ ನಮ್ಮ..." ಅಷ್ಟಕ್ಕೇ ನಿಲ್ಲಿಸಿ ಹಿಂದೆ ಸರಿದಳು. ಡಬ್ಬಿ ಸುಮ್ಮನೆ ಕೂತಿತ್ತು.

ಆಗ ಫೋನಿನ ಆ ತುದಿಯಲ್ಲಿ ಇನ್ನೂ ಇದ್ದ ಬಾಬಾಸಾಹೇಬರಿಗೇ ಒಂದು ಉಪಾಯ ಹೊಳೆಯಿತು. ಫೋನನ್ನು ಡಬ್ಬಿಯ ಹತ್ತಿರ ಹಿಡಿ, ನಾನು ಇಲ್ಲಿಂದಲೇ ಕೂಗುತ್ತೇನೆ ಎಂದರು. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನಿಂತು ಅರವತ್ತೇಳರ ಮನುಷ್ಯ, "ಬಾಬಾಸಾಹೇಬ! ಏ ಬಾಬಾಸಾಹೇಬ!" ಎಂದು ಗಂಟಲು ಹರಿಯುವಂತೆ ತಮ್ಮನ್ನೇ ಕರೆಯತೊಡಗಿದರು. ಸಾಲಿನಲ್ಲಿದ್ದ ಡ್ರೈವರುಗಳು ಇಳಿದು ಬಂದು ನೋಡಿದರು. ಹಿಂದಿನ ಟ್ರ್ಯಾಕ್ಟರಿನಲ್ಲಿದ್ದ ಬಾಲ್ಯದ ಗೆಳೆಯ ಜಕ್ಕಪ್ಪ, "ಯಾಕಲೇ, ಕಳಕೊಂಡಿಯೇನ ನಿನ್ನ ನೀನ?" ಎಂದು ಕೇಳಿದ. ಫೋನಿನ ತೆಳು ದನಿಯ ಗುರುತು ಡಬ್ಬಿಗೆ ಸಿಗಲಿಲ್ಲ.

"ನೀನ ಹೇಳಬೇಕ ನೋಡಿನ್ನ" ಎಂದರು ಬಾಬಾಸಾಹೇಬರು.

"ನನ್ನ ಬಾಯಾಗ ಬರಂಗಿಲ್ರೀ. ಒಮ್ಮೆ ಹೇಳಿ ನಿಮ್ಮ ಕಾಲ ಮುರದೀನಿ. ಈಗ ನಿಮ್ಮ ಎದಿ ಮೊದಲ ನಾಜೂಕ ಐತಿ. ಸೊಸಿ ಭಾಷಣ ಹೋದ್ರ ಹೋಗಲಿ, ನೀವಿರ್ರಿ ನನಗ." ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು.

ಆ ಕಡೆ ಬಾಬಾಸಾಹೇಬರು ಜಕ್ಕಪ್ಪನ ಮುಖ ನೋಡಿದರು. ಜಕ್ಕಪ್ಪ ನೆಲ ನೋಡಿದ.

"ಕೇಳ ಇಲ್ಲೆ" ಎಂದರು ಬಾಬಾಸಾಹೇಬರು. ದನಿ ಇಳಿದಿತ್ತು. "ಅವತ್ತ ಗಾಡಿ ಉರುಳಿದ್ದು ನೀ ಹೆಸರ ಹೇಳಿದ್ದಕ್ಕಲ್ಲ. ಈ ಜಕ್ಕಪ್ಪನ ಜೋಡಿ ಪಂದ್ಯ ಕಟ್ಟಿ ಎತ್ತ ಓಡಸಾಕತ್ತಿದ್ದೆ. ಅವ್ವಗ ಹೇಳಿದ್ರ ನನ್ನ ಮನಿ ಬಿಟ್ಟ ಹೊರಗ ಹಾಕತಿದ್ಳು. ಆಕಿ ನಿನ್ನ ಮ್ಯಾಲ ಹಾಕಿದ್ಳು, ನಾ ಬಾಯಿ ಮುಚಗೊಂಡ ಕುಂತೆ. ಆಮ್ಯಾಲ ಹೇಳೂನು ಹೇಳೂನು ಅಂತ... ಹಂಗ ಉಳೀತು."

"ಖರೇ ಐತಿ ವೈನೀ" ಎಂದು ಜಕ್ಕಪ್ಪನ ದನಿಯೂ ಕೇಳಿತು.

ಕಾಲು ಕೂಡುವ ತನಕ ಆರು ತಿಂಗಳು ಗಂಡನ ಸೇವೆ ಮಾಡುತ್ತ, ತನ್ನದೇ ತಪ್ಪೆಂದು ದಿನವೂ ಕಣ್ಣೀರಿಟ್ಟದ್ದು ರುಕ್ಮವ್ವನಿಗೆ ನೆನಪಾಯಿತು. ಅತ್ತೆ ಸಾಯುವ ತನಕ ಆಡಿದ ಮಾತುಗಳೂ ನೆನಪಾದವು. ಅವಳ ಅಳು ನಿಂತು, ಕಿವಿಯ ತನಕ ಬಿಸಿ ಏರಿತು. ಆಮೇಲೆ ಅವಳು ಕೂಗಿದ ಕೂಗಿಗೆ ಹೊರಗೆ ಕಟ್ಟಿದ ಎಮ್ಮೆಯೂ ಕತ್ತೆತ್ತಿ ನೋಡಿತು.

"ಬಾಬಾಸಾಹೇಬಾ!"

ಟಿವಿಯ ಪರದೆಯಲ್ಲಿ ಬೆಳಕು ಮೂಡಿತು. "ಹೇಳಿ, ಕೇಳುತ್ತಿದ್ದೇನೆ" ಎಂದಿತು ಡಬ್ಬಿ. ಫೋನಿನಿಂದ ಮಾತ್ರ ಯಾವ ಸದ್ದೂ ಇಲ್ಲ. ರುಕ್ಮವ್ವನ ಸಿಟ್ಟು ಅಲ್ಲೇ ಜರ್ರನೆ ಇಳಿಯಿತು.

"ಏನ್ರೀ... ಅದೀರೇನ್ರೀ?"

"ಅದೀನಿ" ಎಂದರು ಬಾಬಾಸಾಹೇಬರು. "ಗಟ್ಟಿಮುಟ್ಟ ಅದೀನಿ. ಹಚ್ಚ ಮೊದಲ, ಹನ್ನೊಂದಾತು."

"ಸಮಾವೇಶ ಹಚ್ಚು" ಎಂದಳು ರುಕ್ಮವ್ವ. ದನಿ ನಡುಗಲಿಲ್ಲ.

ಕೋಮಲ ಆಗಷ್ಟೇ ಮೈಕಿನ ಮುಂದೆ ಬಂದು ನಿಂತಿದ್ದಳು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಒಂದು ಚೀಟಿ. ಹೊಲ ಸವಳಾದದ್ದು, ಪೈಪು ಹೂಳಿದ್ದು, ಮಣ್ಣು ಪರೀಕ್ಷೆ ಮಾಡಿಸಿದ್ದು ಎಲ್ಲವನ್ನೂ ತಡವರಿಸದೆ ಹೇಳಿದಳು. ಸಭೆಯಲ್ಲಿ ಕೂತ ಸೂಟಿನ ಜನ ಬರೆದುಕೊಳ್ಳುತ್ತಿದ್ದರು. ಫೋನು ಇನ್ನೂ ಬಂದ್ ಆಗಿರಲಿಲ್ಲ. ಕಾಟಾದ ಮುಂದೆ ಬಾಬಾಸಾಹೇಬರು ಅದರ ಸ್ಪೀಕರ್ ಹಚ್ಚಿ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಇಟ್ಟಿದ್ದರು, ಸುತ್ತ ಹತ್ತಾರು ರೈತರು ಕಿವಿಗೊಟ್ಟು ನಿಂತಿದ್ದರು.

ಕೊನೆಗೆ ಕೋಮಲ ಚೀಟಿ ಮಡಚಿದಳು. "ಊರ ಮಂದಿ ನಕ್ಕಾಗ ನಮ್ಮ ಅತ್ತಿ ರುಕ್ಮವ್ವ ನನ್ನ ಜೋಡಿ ಕೆಸರಾಗ ನಿಂತು ಪೈಪ ಹಿಡದ್ರು. ಅವರಿಗೆ ಓದಾಕ ಬರಂಗಿಲ್ಲ. ಆದ್ರ ಎಲ್ಲಿ ನೀರ ನಿಂದ್ರತೈತಿ, ಎಲ್ಲಿ ಹರೀತೈತಿ ಅಂತ ಹೊಲದ ಇಂಚಿಂಚೂ ಅವರಿಗೆ ಗೊತ್ತಿತ್ತು. ಅವರು ತೋರ್ಸಿದಲ್ಲೇ ನಾ ಅಗಿಸೀನಿ. ಈ ಮಾನ ಅವರದು."

ಓಣಿಯ ಹೆಂಗಸರೆಲ್ಲ ರುಕ್ಮವ್ವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, "ನನ್ನ ಸೊಸಿ" ಎಂದಳು. ಅಂಥ ಹೆಮ್ಮೆ ಅವಳಿಗೆ ಮಗ ಹುಟ್ಟಿದಾಗಲೂ ಆಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆ ಸೇರಿದರು. ಕೋಮಲ ತನಗೆ ಹೊದಿಸಿದ ಶಾಲನ್ನು ಅತ್ತೆಗೆ ಹೊದಿಸಿದಳು. ಬಾಬಾಸಾಹೇಬರು ಪಡಸಾಲೆಯ ಮೂಲೆಯಲ್ಲಿ, ಬೇರೆಯವರ ಮನೆಗೆ ಬಂದವರಂತೆ ಕುರ್ಚಿಯ ತುದಿಗೆ ಕೂತಿದ್ದರು. ಬಂದಾಗಿನಿಂದ ರುಕ್ಮವ್ವ ಅವರೊಡನೆ ಒಂದು ಮಾತೂ ಆಡಿರಲಿಲ್ಲ.

"ಶಿವರಾಜಾ" ಎಂದರು ಅವರು. "ಆ ಡಬ್ಬಿ ಹೆಸರ ತಗದ ಒಗಿ. ಮನ್ಯಾಗ ಎಲ್ಲಾರ ಬಾಯಾಗೂ ಬರೂವಂಥಾ ಹೆಸರ ಇಡು. ನನ್ನ ತಪ್ಪ ಅದು."

ಶಿವರಾಜ ಏಳುವುದರೊಳಗೆ ಅಡುಗೆಮನೆಯಿಂದ ರುಕ್ಮವ್ವನ ದನಿ ಬಂತು.

"ಯಾಕ ತಗೀತಿ? ಇರ್ಲಿ ಬಿಡು. ನಲವತ್ತನಾಲ್ಕ ವರ್ಷ ಕರದಿಲ್ಲ, ಇನ್ನ ಕರೀತೀನಿ. ಕೋಮಲಾ, ನೀನೂ ಕರಿ. ಏನೂ ಆಗಂಗಿಲ್ಲ."

ಕೋಮಲ ಮಾವನ ಕಡೆ ನೋಡಿದಳು. ಬಾಬಾಸಾಹೇಬರು "ಕರಿ ಯವ್ವಾ" ಎಂದು ತಲೆ ಆಡಿಸಿದರು. ಆಮೇಲೆ ಸ್ವಲ್ಪ ಧೈರ್ಯ ತಂದುಕೊಂಡು ಅಡುಗೆಮನೆಯ ಕಡೆ ಮುಖ ಮಾಡಿ ಕೇಳಿದರು. "ಹಂಗಾರ ನೀ ಕರದಾಗ ಓ ಅನ್ನವರ ಯಾರು? ನಾನೋ, ಡಬ್ಬಿಯೋ?"

"ಯಾರ ಮೊದಲ ಅಂತಾರ ಅವರಿಗೆ ಚಹಾ."

ಒಲೆಯ ಮೇಲೆ ಚಹಾ ಕುದಿಯಿತು, ಸೋಸಿದ ಸದ್ದಾಯಿತು. ರುಕ್ಮವ್ವ ಕಪ್ಪು ಹಿಡಿದು ಬಾಗಿಲಿಗೆ ಬಂದು ನಿಂತು, ಅವಸರವಿಲ್ಲದೆ, ಅಂಜಿಕೆಯಿಲ್ಲದೆ ಕರೆದಳು.

"ಬಾಬಾಸಾಹೇಬ."

"ಓ" ಎಂದರು ಬಾಬಾಸಾಹೇಬರು, ಡಬ್ಬಿಗಿಂತ ಮೊದಲು.